ಪೆಲೆಟ್‌ಗೆ ತೂತು ಕೊರೆಯೋದಾ, ಕಡ್ಡಿ ಸಣ್ಣ ಮಾಡೋದಾ?

ನೀರಿಲ್ಲ, ಗಾಳಿಯಿಲ್ಲ. ಬಾಹ್ಯಾಕಾಶದಲ್ಲಿ ಅಣು ಇಂಧನವಾದ ಯುರೇನಿಯಂ ಡೈಆಕ್ಸೈಡ್‌ನ ಪೆಲೆಟ್ (ಬಿಲ್ಲೆ) ಜೋಡಿಸಿದ ಕಡ್ಡಿಯೊಂದು ಕುಲುಮೆಯಿಂದ ತೆಗೆದ ಕಬ್ಬಿಣದ ಹಾಗೆ ಶಾಖ ಸೂಸಿಯೇ, ಬಿರುಕು ಬಿಡದೆ ತಣ್ಣಗಾಗಬೇಕು ಅಂದುಕೊಳ್ಳಿ. ಇಂಧನದ ಲೋಹದ ಮೇಲ್ಕವಚ ಬಿಟ್ಟು, ಮೀಟರ್ ಉದ್ದಕ್ಕೆ 5 ಕಿಲೋವ್ಯಾಟ್ ಶಾಖ ಹಿಡಿದು, ಮೂರು ಆಕಾರಗಳಿಗೆ ಕೂತು ಲೆಕ್ಕ ಹಾಕಿದೆ. ಶಾಖ ಸೂಸುವ ಗುಣಾಂಕ 0.8, ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ 2.5 ವ್ಯಾಟ್.

ಮೊದಲು 10 ಮಿ.ಮೀ. ದಪ್ಪದ ಗಟ್ಟಿ ಕಡ್ಡಿ. ಮೈ ಸುಮಾರು 1,096 ಡಿಗ್ರಿ ಸೆಲ್ಸಿಯಸ್, ನಡು 1,255. ಬರೀ 159 ಡಿಗ್ರಿ ವ್ಯತ್ಯಾಸ, ಜಾಸ್ತಿ ಅನ್ನಿಸಲ್ಲ ಅಲ್ವಾ? ಆದರೆ ಇದು ಪಿಂಗಾಣಿಯಂಥ ವಸ್ತು. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗದೆ ಚಟ್ಟನೆ ಸೀಳುತ್ತದಲ್ಲ, ಇಲ್ಲೂ ಅದೇ. ಮೈಮೇಲೆ ಎಳೆತ 230 ಮೆಗಾಪ್ಯಾಸ್ಕಲ್ ದಾಟಿತು. ಸುಮಾರು 130ಕ್ಕೇ ಪೆಲೆಟ್ ಬಿರುಕು ಬಿಡುತ್ತದೆ.

ಎರಡನೆಯದು ನಡುವೆ 3 ಮಿ.ಮೀ. ತೂತಿರುವ ಪೆಲೆಟ್. ರಷ್ಯಾದ ವಿವಿಇಆರ್ ಎಂಬ, ನೀರಿನಿಂದ ತಣಿಸುವ ರಿಯಾಕ್ಟರ್‌ಗಳಲ್ಲಿ ತೂತಿನ ಪೆಲೆಟ್ ಬಳಸಿದ್ದಾರೆ, ಹಾಗಾಗಿ ತುಂಬಾ ಆಸೆ ಇಟ್ಟುಕೊಂಡಿದ್ದೆ. ಒಳಗಿನ ಬಿಸಿ 38 ಡಿಗ್ರಿ ಇಳಿಯಿತು, ಎಳೆತ 200ರ ಹತ್ತಿರ ಬಂತು. ಆದರೂ ಬಿರುಕು ತಪ್ಪಲಿಲ್ಲ. ಮೈಬಿಸಿ ಅಂತೂ ಒಂದು ಡಿಗ್ರಿಯೂ ಇಳಿಯಲಿಲ್ಲ, ಯಾಕೆಂದರೆ ತೂತಿನ ಒಳಗೋಡೆ ತನಗೆ ತಾನೇ ಶಾಖ ಸೂಸುತ್ತದೆ, ಆಚೆ ಹೋಗುವ ದಾರಿ ಹೊರಮೈ ಒಂದೇ.

ಮೂರನೆಯದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. ಅಷ್ಟೇ ಇಂಧನವನ್ನು 5 ಮಿ.ಮೀ.ನ ನಾಲ್ಕು ಕಡ್ಡಿ ಮಾಡಿದೆ. ಹೊರಮೈ ಎರಡರಷ್ಟಾಯಿತು, ಮೈಬಿಸಿ 878ಕ್ಕೆ ಇಳಿಯಿತು, ಒಳಗೂ ಹೊರಗೂ ವ್ಯತ್ಯಾಸ 40 ಡಿಗ್ರಿ ಮಾತ್ರ. ಎಳೆತ 60ಕ್ಕಿಂತ ಕಡಿಮೆ. ಬಿರುಕಿಲ್ಲ!

ಆದರೆ ನಾಲ್ಕನ್ನೂ ಒತ್ತಾಗಿ ಜೋಡಿಸಿದರೆ ಕಥೆ ಬೇರೆ. ಅವುಗಳ ಸುತ್ತ ದಾರ ಸುತ್ತಿ ಅಳೆದರೆ 36 ಮಿ.ಮೀ. ಒಂದೇ ದಪ್ಪ ಕಡ್ಡಿಯ ಸುತ್ತಳತೆ 31. ಒಂದಕ್ಕೊಂದು ಬಿಸಿ ಕೊಟ್ಟುಕೊಂಡು ಕೂತರೆ ಲಾಭದ ಬಹುಪಾಲು ಅಲ್ಲೇ ಹೋಯಿತು. ಸಾಲಾಗಿ, ಮಧ್ಯದಿಂದ ಮಧ್ಯಕ್ಕೆ 20 ಮಿ.ಮೀ. ಬಿಟ್ಟು ನಿಲ್ಲಿಸಿದಾಗ ಒಳಗಿನ ಕಡ್ಡಿಯ ಶಾಖದಲ್ಲಿ ಪಕ್ಕದ ಎರಡಕ್ಕೆ ಹೋಗುವುದು ಶೇ. 8 ಅಷ್ಟೇ, ಮೈಬಿಸಿ 900ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಬಿಸಿಯೊಂದನ್ನೇ ನೋಡಿದರೆ ನನ್ನ ಓಟು ಈ ಸಾಲಿಗೇ. ತೊಡಕಿರುವುದು ಯುರೇನಿಯಂ ಪರಮಾಣು ಒಡೆಯುವ ನ್ಯೂಟ್ರಾನ್ ಕಣಗಳಲ್ಲಿ. ಕಡ್ಡಿಗಳನ್ನು ದೂರ ದೂರ ಇಟ್ಟಷ್ಟೂ ನ್ಯೂಟ್ರಾನ್‌ಗಳು ಸಂದಿಯಿಂದ ಜಾಸ್ತಿ ಸೋರಿಹೋಗುತ್ತವೆ, ಸರಪಳಿ ಕ್ರಿಯೆ ಉಳಿಯುವುದು ಕಷ್ಟ. 1965ರಲ್ಲಿ ಅಮೆರಿಕ ಹಾರಿಸಿದ ಸ್ನ್ಯಾಪ್-10ಎ ರಿಯಾಕ್ಟರ್‌ನಲ್ಲಿ ಇಂಧನವನ್ನು ಒತ್ತಾಗಿಯೇ ಇಟ್ಟು, ಸೋಡಿಯಂ-ಪೊಟ್ಯಾಸಿಯಂ ದ್ರವದಿಂದ ಬಿಸಿಯನ್ನು ಹೊರಗಿನ ರೇಡಿಯೇಟರ್‌ಗೆ ಸಾಗಿಸಿದ್ದರು.