ಟಿಕಿ ಬಾರ್‌ಗೆ ಪಾರ್ಟಿ ಗದ್ದಲನಾ, ಕತ್ತಲೆ ರೂಮಾ? ಎರಡೂ ಮಾಡಿ ನೋಡಿದ್ವಿ

ನಾನೂ ನನ್ನ ಪಾರ್ಟ್ನರೂ ಸೇರಿ ಒಂದು ಪುಟ್ಟ ಟಿಕಿ ಬಾರ್ (ಪೆಸಿಫಿಕ್ ದ್ವೀಪಗಳ ಥರ ಅಲಂಕಾರ ಮಾಡಿ ರಮ್ ಕಾಕ್‌ಟೇಲ್ ಕೊಡೋ ಬಾರ್) ನಡೆಸ್ತಾ ಇದೀವಿ, 30 ಜನ ಕೂತ್ರೆ ಫುಲ್. ಮೊದಲ ನಾಲ್ಕು ತಿಂಗಳು ಒಂಥರಾ ನಡೆಸಿದ್ವಿ, ಆಮೇಲಿನ ನಾಲ್ಕು ತಿಂಗಳು ಪೂರ್ತಿ ಉಲ್ಟಾ. ಹೊಸದಾಗಿ ಶುರು ಮಾಡೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಶುರುನಲ್ಲಿ ಕಿಟಕಿ ಎಲ್ಲಾ ತೆಗೆದು, ಬಣ್ಣಬಣ್ಣದ ಲೈಟ್ ಹಾಕಿ, ಡಿಜೆ ಇಟ್ಟು, ನಾಲ್ಕೈದು ಜನ ಉದ್ದ ಸ್ಟ್ರಾ ಹಾಕಿ ಕುಡಿಯೋ ದೊಡ್ಡ ಸ್ಕಾರ್ಪಿಯನ್ ಬೌಲ್‌ಗಳನ್ನೇ ಮುಂದೆ ಮಾಡಿದ್ವಿ. ಶನಿವಾರ ಕಾಲಿಡೋಕೆ ಜಾಗ ಇರ್ತಿರಲಿಲ್ಲ, ಬರ್ತ್‌ಡೇ ಗ್ಯಾಂಗ್‌ಗಳೇ ಜಾಸ್ತಿ, ದುಡ್ಡೂ ಚೆನ್ನಾಗಿ ಬಂತು. ಆದ್ರೆ ಆ ಸೌಂಡಲ್ಲಿ ಆರ್ಡರ್ ಕೇಳಿಸ್ತಿರಲಿಲ್ಲ, ಒಂದು ಡ್ರಿಂಕ್‌ಗೆ ಏಳೆಂಟು ಐಟಂ ಅಳೆದು ಹಾಕ್ಬೇಕು, ನಾವು ಅಷ್ಟು ಕಷ್ಟಪಟ್ಟು ಮಾಡಿ ಕೊಟ್ರೆ ಅವರು ಫೋಟೋ ತೆಗೀತಾ ಕೂರೋರು, ಅಷ್ಟರಲ್ಲಿ ಕ್ರಷ್ಡ್ ಐಸ್ ಕರಗಿ ಬರೀ ನೀರು. ರಾತ್ರಿ ಕ್ಲೀನ್ ಮಾಡುವಾಗ ಎಣಿಸಿದ್ರೆ ಮಗ್‌ಗಳೂ ಕಮ್ಮಿ. ಮಂಗಳವಾರ ಬುಧವಾರ ಒಬ್ರೂ ಇಲ್ಲ, ಯಾಕಂದ್ರೆ ಗ್ಯಾಂಗ್ ಇಲ್ದೆ ಒಬ್ಬರೇ ಇಬ್ಬರೇ ಬರೋ ಜಾಗ ಅದಲ್ಲ.

ಆಮೇಲೆ ಬದಲಾಯಿಸಿದ್ವಿ. ಕಿಟಕಿಗೆ ಬಿದಿರಿನ ಚಾಪೆ, ತೀರಾ ಮಂದ ಹಳದಿ ಬಲ್ಬ್, ಮಾರ್ಟಿನ್ ಡೆನ್ನಿ ಥರದವರು ಮಾಡಿದ ಎಕ್ಸೋಟಿಕಾ ಮ್ಯೂಸಿಕ್ (ದ್ವೀಪ, ಕಾಡಲ್ಲಿ ಇದ್ದಂಗೆ ಅನಿಸೋ ವಾದ್ಯ ಸಂಗೀತ), ಅದೂ ಮಾತಾಡೋಕೆ ಅಡ್ಡ ಬರದಷ್ಟು ಸಣ್ಣಗೆ. ಇದೇನು ನಮ್ಮ ಐಡಿಯಾ ಅಲ್ಲ, 1930ರ ದಶಕದಲ್ಲಿ ಹಾಲಿವುಡ್‌ನಲ್ಲಿ ಡಾನ್ ಬೀಚ್ ಅನ್ನೋರು ಇಂಥ ಬಾರ್ ಶುರು ಮಾಡಿದಾಗಿಂದ ಟಿಕಿ ಅಂದ್ರೆ ಹೊರಗಿನ ಪ್ರಪಂಚ ಮರೆಸೋದೇ. ಸ್ಯಾನ್ ಫ್ರಾನ್ಸಿಸ್ಕೋದ ಟೋಂಗಾ ರೂಮ್ ಅನ್ನೋ ಟಿಕಿ ಬಾರಲ್ಲಿ ಒಳಗಡೆನೇ ಮಳೆ ಬರೋ ಥರ ಮಾಡಿರೋದೂ ಅದಕ್ಕೇ.

ಒಳಗೆ ಬಂದೋರು ಕಣ್ಣು ಹೊಂದ್ಕೊಳೋ ತನಕ ಬಾಗಿಲ ಹತ್ರನೇ ನಿಂತ್ಕೋತಾರೆ, ಅಷ್ಟರಲ್ಲಿ ದನಿ ತಾನಾಗೇ ಇಳಿದಿರುತ್ತೆ. ಗಲಾಟೆ ಮಾಡ್ಬೇಡಿ ಅಂತ ಬೋರ್ಡ್ ಹಾಕಿ ಆಗದ ಕೆಲಸ ಇದು! ರಮ್ ಬಗ್ಗೆ ಕೇಳೋರು ಬರೋಕೆ ಶುರು ಆದ್ರು. ಮಾಯ್ ಟಾಯ್ ಅನ್ನೋ ಕಾಕ್‌ಟೇಲ್‌ನ 1944ರಲ್ಲಿ ಟ್ರೇಡರ್ ವಿಕ್ ಅನ್ನೋ ಅಮೆರಿಕದ ಬಾರ್ ಮಾಲೀಕ 17 ವರ್ಷ ಹಳೇ ಜಮೈಕಾ ರಮ್‌ನಲ್ಲಿ ಮಾಡಿದ್ದು, ಅದರಲ್ಲಿ ಪೈನಾಪಲ್ ಜ್ಯೂಸೇ ಇರಲಿಲ್ಲ, ಲೈಮು, ಕುರಸಾವ್ (ಕಿತ್ತಳೆ ಲಿಕರ್), ಬಾದಾಮಿ ಸಿರಪ್, ಸಕ್ಕರೆ ಸಿರಪ್ ಅಷ್ಟೇ ಅಂದ್ರೆ ಆಸಕ್ತಿಯಿಂದ ಕೇಳಿ ಅದನ್ನೇ ಇನ್ನೊಂದು ಮಾಡಿಸ್ಕೋತಾರೆ. ವಯಸ್ಸಾದ ಗಂಡ ಹೆಂಡತಿ ಒಬ್ರು ಪ್ರತಿ ಮಂಗಳವಾರ ಬರ್ತಾರೆ, ಆಯಮ್ಮ ಕುಡಿಯಲ್ಲ, ಅವರಿಗೂ ಅದೇ ಥರ ಮಗ್‌ನಲ್ಲಿ ರಮ್ ಇಲ್ದೆ ಮಾಡಿ ಪುದೀನ ಇಟ್ಟು ಕೊಟ್ಟೆ, ಮುಖ ಅರಳಿದ್ದು ನೋಡಿದಾಗ ಆದ ಖುಷಿ ಡಿಜೆ ದಿನಗಳಲ್ಲಿ ಒಂದು ಸಲನೂ ಸಿಕ್ಕಿರಲಿಲ್ಲ.

ಕಷ್ಟ ಇಲ್ವಾ, ಇದೆ. ಜನ ಎದ್ದು ಹೋಗೋದೇ ಲೇಟು, ಶನಿವಾರದ ಕಲೆಕ್ಷನ್ ಇಳೀತು. ವಾರದ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ ಸಮ ಆಗುತ್ತೆ, ಐಸು ಮಗ್ಗು ವೇಸ್ಟ್ ಆಗೋದು ಉಳಿತು ಅಂತ ನೋಡಿದ್ರೆ ಇದೇ ವಾಸಿ.

ಇನ್ನೊಂದು ವಿಷಯ, ಅಲಂಕಾರಕ್ಕೆ ಇಡೋ ಕೆತ್ತಿದ ಮುಖಗಳು. ನ್ಯೂಜಿಲೆಂಡ್‌ನ ಮೂಲನಿವಾಸಿ ಮಾವೋರಿ, ಹವಾಯಿ ಜನಕ್ಕೆ ಅವು ದೇವರು, ಪೂರ್ವಜರು. ಪಾರ್ಟಿ ದಿನಗಳಲ್ಲಿ ಅವುಗಳ ಮೇಲೆ ಟೋಪಿ ಹಾಕಿ ಫೋಟೋ ತೆಗೆಯೋದು ನೋಡಿ ನನಗೆ ನಿಜವಾಗ್ಲೂ ಬೇಜಾರಾಯ್ತು, ಎಲ್ಲಾ ತೆಗೆದು ಹಗ್ಗ, ಮೀನು ಬಲೆ, ಗಾಜಿನ ತೇಲುಗುಂಡು ನೇತುಹಾಕಿದ್ವಿ. ವಾತಾವರಣ ಒಂಚೂರೂ ಕಮ್ಮಿ ಆಗಲಿಲ್ಲ.

ಬೌಲ್ ಪೂರ್ತಿ ಬಿಟ್ಟಿಲ್ಲ, ಸಂಜೆ ಎಂಟರ ತನಕ ಕೊಡ್ತೀವಿ, ನಾಲ್ಕು ಜನಕ್ಕೆ ಒಂದೇ. ಝಾಂಬಿ ಅನ್ನೋ ತುಂಬಾ ಸ್ಟ್ರಾಂಗ್ ರಮ್ ಕಾಕ್‌ಟೇಲ್‌ಗೆ ಡಾನ್ ಬೀಚ್ ಒಬ್ಬರಿಗೆ ಎರಡೇ ಅಂತ ಮಾಡಿದ್ದ ರೂಲ್ ನಮ್ಮಲ್ಲೂ ಇದೆ, ಯಾರೇ ಕೇಳಿದ್ರೂ ಮೂರನೇದು ಹಾಕಲ್ಲ.