ಎರಡು ಮೈಕ್ ಕೊಟ್ಟ ಮಾತ್ರಕ್ಕೆ ಸ್ಟೀರಿಯೋ ಆಗುವುದಿಲ್ಲ: ಕಚೇರಿ ಧ್ವನಿಮುದ್ರಣಕ್ಕೆ ಹೊರಟವರಿಗೆ ಒಂದು ಎಚ್ಚರಿಕೆ

ಸಂಗೀತ ಕಚೇರಿಯನ್ನೋ ತಾಳಮದ್ದಳೆಯನ್ನೋ ಧ್ವನಿಮುದ್ರಿಸಿ ಇಟ್ಟುಕೊಳ್ಳಬೇಕೆಂಬ ಆಸೆಯಿಂದ ಮೊದಲ ಬಾರಿಗೆ ಮೈಕ್ ಕೊಳ್ಳಲು ಹೊರಟವರು, ಅದರಲ್ಲೂ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು, ಹಣ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ನಾನು 14,500 ರೂಪಾಯಿ ಕಳೆದುಕೊಂಡಿದ್ದೇನೆ. ಹಣ ಹೋದದ್ದು ಒಂದು ಸಂಕಟವಾದರೆ, 26 ವರ್ಷಗಳಿಂದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿರುವ, ಧ್ವನಿಯ ಪಾಠವನ್ನು ಕರಿಹಲಗೆಯ ಮೇಲೆ ಅಲೆ ಬರೆದು ವಿವರಿಸುವ ನಾನೇ ಮೋಸ ಹೋದೆನಲ್ಲ ಎಂಬುದು ಇನ್ನೊಂದು ಸಂಕಟ, ಮತ್ತು ಎರಡನೆಯದು ರಾತ್ರಿ ನಿದ್ದೆ ಕೆಡಿಸುತ್ತಿದೆ. ಮಾರಿದವರ ಹೆಸರನ್ನು ಬರೆಯುವುದಿಲ್ಲ. ಊರು ಸಣ್ಣದು, ಮುಂದಿನ ಶಾಲಾ ವಾರ್ಷಿಕೋತ್ಸವಕ್ಕೂ ಬಹುಶಃ ಅವರದೇ ಮೈಕ್ ಸೆಟ್ ಬರುತ್ತದೆ.

ಕಳೆದ ನವರಾತ್ರಿಗೆ ಕುಂಬಳೆ ಸೀಮೆಯ ನಮ್ಮ ದೇವಸ್ಥಾನದಲ್ಲಿ ಒಬ್ಬ ಹಿರಿಯ ವಿದ್ವಾಂಸರ ಹಾಡುಗಾರಿಕೆ ಇತ್ತು. ಅವರಿಗೆ 78 ವರ್ಷ, ವೇದಿಕೆ ಹತ್ತುವುದೇ ಅಪರೂಪ. ಮಸ್ಕತ್ತಿನಲ್ಲಿರುವ ಅವರ ಮಗ, ನನ್ನ ಹಳೆಯ ವಿದ್ಯಾರ್ಥಿ, "ಸರ್, ಅಪ್ಪನ ಕಚೇರಿಯನ್ನು ಒಮ್ಮೆ ಸರಿಯಾಗಿ ರೆಕಾರ್ಡ್ ಮಾಡಿ ಕೊಡುತ್ತೀರಾ" ಎಂದು ಕೇಳಿದ್ದ. ನಾನು ಒಪ್ಪಿದೆ. ಯೌವನದಲ್ಲಿ ಟೂ-ಇನ್-ಒನ್ ಹಿಡಿದುಕೊಂಡು ತಾಳಮದ್ದಳೆಗೆ ಹೋಗಿ, ಸಿ-90 ಕ್ಯಾಸೆಟ್ಟನ್ನು 45 ನಿಮಿಷಕ್ಕೊಮ್ಮೆ ಮಗುಚಿ ಹಾಕುತ್ತ, ಅರ್ಥಧಾರಿಯ ಮುಖ್ಯ ಮಾತು ನಡೆಯುವಾಗಲೇ ಟೇಪು ಮುಗಿಯುವ ಕಷ್ಟ ಅನುಭವಿಸಿದವನು ನಾನು. ಈಗಿನ ಕಾಲದಲ್ಲಿ ಇದೊಂದು ದೊಡ್ಡ ಕೆಲಸವೇ ಎಂದುಕೊಂಡೆ. ಆ ಹುಂಬತನಕ್ಕೇ ದಂಡ ತೆತ್ತದ್ದು.

ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಕೊಡುವ, ಜೊತೆಗೆ ಮೈಕ್, ಕೇಬಲ್ಲುಗಳನ್ನೂ ಮಾರುವ ಒಬ್ಬರ ಬಳಿಗೆ ಹೋದೆ. ಪರಿಚಿತರೇ. "ಮಾಸ್ಟ್ರಿಗೆ ಅಲ್ವಾ, ಸ್ಟುಡಿಯೋ ಕ್ವಾಲಿಟಿದೇ ಕೊಡುವ" ಎಂದು ಹೇಳಿ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ತೆರೆದರು. ಒಳಗೆ ಸ್ಪಂಜಿನಲ್ಲಿ ಹುದುಗಿಸಿಟ್ಟ ಎರಡು ದಪ್ಪ ಮೈಕ್‌ಗಳು, ಬಂಗಾರದ ಬಣ್ಣದ ಬಲೆಯ ತಲೆ, ಎರಡನ್ನೂ ಕೂರಿಸಲು ಒಂದು ಕಬ್ಬಿಣದ ಪಟ್ಟಿ, "48 ವೋಲ್ಟ್" ಎಂದು ಅಚ್ಚಾಗಿದ್ದ ಒಂದು ಕಪ್ಪು ಡಬ್ಬಿ, ಕೇಬಲ್ಲುಗಳು, ಲ್ಯಾಪ್‌ಟಾಪಿಗೆ ಚುಚ್ಚುವ ಹೆಬ್ಬೆರಳು ಗಾತ್ರದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್. ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಮೈಕ್‌ನಿಂದ ಒಂದು ಗೇಣು ದೂರದಲ್ಲಿ ಬಾಯಿಟ್ಟು "ಹಲೋ, ಹಲೋ" ಎಂದರು. ಅಷ್ಟು ಹತ್ತಿರದಿಂದ ಯಾವ ಮೈಕ್‌ ತಾನೇ ಚೆನ್ನಾಗಿ ಕೇಳಿಸುವುದಿಲ್ಲ? ಆದರೆ ಆ ಕ್ಷಣಕ್ಕೆ ನನಗೆ ಆಕಾಶವಾಣಿಯೇ ಕೇಳಿದಂತಾಯಿತು.

"30 ಅಡಿ ದೂರದ ಸ್ವರವನ್ನೂ ಹಿಡಿಯುತ್ತದೆ ಮಾಸ್ಟ್ರೇ" ಎಂದರು. ನಾನು ಎದ್ದು ಹೊರಡಬೇಕಾಗಿದ್ದ ಮಾತು ಇದು. ಮೈಕ್‌ಗೆ ಇಷ್ಟು ಅಡಿಯೆಂಬ ಹಿಡಿತವೇ ಇಲ್ಲ. ದೂರ ಇಮ್ಮಡಿಯಾದಂತೆ ನೇರವಾಗಿ ಬರುವ ಸ್ವರ ಸುಮಾರು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಗೋಡೆ, ತಾರಸಿಗಳಿಗೆ ಬಡಿದು ಬರುವ ಪ್ರತಿಧ್ವನಿಯಾದರೋ ಸಭಾಂಗಣದ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆದ್ದರಿಂದ ಹಿಂದೆ ಹೋದಷ್ಟೂ ಗಾಯಕ ಬಾವಿಯೊಳಗಿಂದ ಹಾಡಿದ ಹಾಗೆ ಕೇಳಿಸುತ್ತದೆ. ಇದು ನಾನೇ ಕಲಿಸುವ ಪಾಠ. ಆದರೂ ತಲೆಯಾಡಿಸಿದೆ.

ಬಿಲ್ಲು ಕೇಳಿದ್ದಕ್ಕೆ "ಬಿಲ್ಲು ಬೇಕಾದರೆ 18 ಪರ್ಸೆಂಟ್ ಜಿಎಸ್‌ಟಿ ಬೀಳ್ತದೆ, ನಿಮಗೆ ಸುಮ್ಮನೆ ಯಾಕೆ ಹೊರೆ" ಎಂದರು. ಗೂಗಲ್ ಪೇ ಮಾಡುವಾಗ ಪರದೆಯ ಮೇಲೆ ಬೇರೆಯೇ ಒಂದು ಹೆಸರು ಬಂತು. ಕೇಳಿದೆ. "ಅದು ನನ್ನ ಭಾವನದ್ದು, ಹಾಕಿ, ಎಂತ ತೊಂದರೆ ಇಲ್ಲ" ಎಂದರು. ಹಾಕಿದೆ. ರಸೀದಿಯೆಂದು ಸಿಕ್ಕಿದ್ದು ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಪೆನ್ನಿನಿಂದ ಗೀಚಿದ "14500 ಕ್ಲಿಯರ್" ಎಂಬ ಒಂದು ಸಾಲು.

ಕಚೇರಿಯ ದಿನ ಸಂಜೆ ಐದಕ್ಕೇ ಹೋಗಿ, ವೇದಿಕೆಯಿಂದ ಎಂಟು ಅಡಿ ದೂರದಲ್ಲಿ, ಆಳೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಬರುವಂತೆ ಸ್ಟ್ಯಾಂಡ್ ನಿಲ್ಲಿಸಿದೆ. ಎರಡು ಮೈಕ್‌ಗಳ ತಲೆಗಳನ್ನು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿ ತಿರುಗಿಸಿ ಇಟ್ಟೆ. ಎಡದ ಸ್ವರ ಒಂದಕ್ಕೆ, ಬಲದ್ದು ಇನ್ನೊಂದಕ್ಕೆ ಹೆಚ್ಚು ಬೀಳುವಂತೆ ಮಾಡುವ ಇದನ್ನು ಎಕ್ಸ್-ವೈ ಜೋಡಣೆ ಎನ್ನುತ್ತಾರೆ, ಅದನ್ನು ಓದಿಕೊಂಡು ಹೋಗಿದ್ದೆ. ದೀಪದ ಬೆಳಕಿಗೆ ಆ ಬಂಗಾರದ ತಲೆಗಳು ಹೊಳೆಯುತ್ತಿದ್ದುವು. ಸಾಲದ್ದಕ್ಕೆ, ಸ್ವಾಗತ ಭಾಷಣ ಮಾಡಿದ ಆಡಳಿತ ಸಮಿತಿಯ ಕಾರ್ಯದರ್ಶಿಗಳು "ಇಂದಿನ ಕಚೇರಿಯನ್ನು ನಮ್ಮ ಮಾಸ್ಟ್ರು ಸ್ವಂತ ಖರ್ಚಿನಿಂದ ಸ್ಟೀರಿಯೋ ಧ್ವನಿಮುದ್ರಣ ಮಾಡುತ್ತಿದ್ದಾರೆ, ಪ್ರತಿ ಬೇಕಾದವರು ಅವರನ್ನು ಸಂಪರ್ಕಿಸಬಹುದು" ಎಂದು ಘೋಷಿಸಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈಮುಗಿದೆ. ಹೌದು, ಕೈಮುಗಿದೆ. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಬಿಸಿಯಾಗುತ್ತದೆ.

ಮನೆಗೆ ಬಂದು ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿದೆ. ಮೊದಲು ಕೇಳಿಸಿದ್ದು ಅಕ್ಕಿ ಕೇರಿದಂಥ ಒಂದು ನಿರಂತರ ಸದ್ದು. ಆಮೇಲೆ ತಂಬೂರಿ. ಮೃದಂಗದ ಬಲಭಾಗ ಸಭೆಯ ಕಡೆಗೇ ತಿರುಗಿರುವುದರಿಂದ ಚಾಪು ಎಂಬ ಬಲಗೈ ಪೆಟ್ಟು ಬಿದ್ದಾಗಲೆಲ್ಲ ಸ್ವರ ಒಡೆದು ಹಂಚು ಬಿದ್ದಂತೆ ಕೇಳುತ್ತಿತ್ತು. ಇದಕ್ಕೆ ನಾನೂ ಮುದ್ರಣದ ಮಟ್ಟವನ್ನು ಸ್ವಲ್ಪ ಏರಿಸಿ ಇಟ್ಟದ್ದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಕಿವಿಗೆ ಕಿರಿಕಿರಿಯಾದದ್ದು ಬೇರೆ. ವೇದಿಕೆಯಲ್ಲಿ ನಮಗೆ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು, ನಡುವೆ ಗಾಯಕರು ಕುಳಿತಿದ್ದರು. ಸ್ಟೀರಿಯೋ ಎಂದರೆ ಕೇಳುವಾಗಲೂ ಅವರು ಹಾಗೆಯೇ ಎಡ, ಬಲ, ನಡುವೆ ಎಂದು ಬೇರೆಬೇರೆಯಾಗಿ ಕೇಳಬೇಕು. ಹೆಡ್‌ಫೋನಿನಲ್ಲಿ ಮೂವರೂ ನನ್ನ ನೆತ್ತಿಯ ನಡುವೆ ಒಂದೇ ಮಣೆಯ ಮೇಲೆ ಒಬ್ಬರ ತೊಡೆಯ ಮೇಲೊಬ್ಬರು ಕುಳಿತಂತೆ ಕೇಳುತ್ತಿದ್ದರು.

ಸಂಶಯ ಬಂದು, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದು, ಎಡ ಬಲಗಳನ್ನು ಬೇರೆಬೇರೆ ಮಾಡಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದೆ. ಎರಡು ಮೈಕ್‌ಗಳು ಬೇರೆಬೇರೆಯಾಗಿ ಕೇಳಿಸಿಕೊಂಡಿದ್ದರೆ ಆ ವ್ಯತ್ಯಾಸವಷ್ಟೂ ಉಳಿಯಬೇಕು. ಎರಡೂ ಒಂದೇ ಆಗಿದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗನ್ನು ತುಂಬಿ ಏನೂ ಉಳಿಯುವುದಿಲ್ಲ. ಗುಂಡಿ ಒತ್ತಿದೆ. ಎರಡೂವರೆ ಗಂಟೆಯ ಕಚೇರಿ ಪರದೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ನೇರ ಗೆರೆಯಾಗಿ ಮಲಗಿತು. ಕಾಂಬೋಜಿ ಇಲ್ಲ, ತನಿ ಆವರ್ತನ ಇಲ್ಲ, ಚಪ್ಪಾಳೆಯೂ ಇಲ್ಲ. ಧ್ವನಿಯನ್ನು ಪೂರ್ತಿ ಏರಿಸಿದೆ. ಏನೂ ಇಲ್ಲ. ತಪ್ಪಾಗಿರಬಹುದೆಂದು ಮತ್ತೆ ಮೊದಲಿನಿಂದ ಮಾಡಿದೆ, ಮತ್ತೆ ಅದೇ ಗೆರೆ. ಮೋಸ ಹೋದೆನೆಂದು ನನಗೆ ಖಚಿತವಾದದ್ದು ಆ ಗೆರೆಯನ್ನು ನೋಡಿದಾಗ.

ಮರುದಿನ ಬದಿಯಡ್ಕ ಪೇಟೆಯಲ್ಲಿ ರೇಡಿಯೋ, ಟಿವಿ ದುರಸ್ತಿ ಮಾಡುವ ಹಿರಿಯರೊಬ್ಬರ ಮೇಜಿನ ಮೇಲೆ ಎಲ್ಲವನ್ನೂ ಸುರಿದೆ. ಎರಡು ಮೈಕ್‌ಗಳಿಂದ ಬರುವ ತಂತಿಗಳು ಕಪ್ಪು ಡಬ್ಬಿಯನ್ನು ದಾಟಿದ ಮೇಲೆ ಒಂದು ಕವಲು ಕೇಬಲ್ಲಿನಲ್ಲಿ ಸೇರಿ ಒಂದೇ ಆಗುತ್ತಿದ್ದುವು, ಸೌಂಡ್ ಕಾರ್ಡಿನಲ್ಲಿದ್ದುದೂ ಒಂದೇ ಕಿವಿಯ (ಮೋನೋ) ಮೈಕ್ ತೂತು. ಅದು ಆ ಒಂದನ್ನೇ ಎರಡು ಬಾರಿ ನಕಲು ಮಾಡಿ ಎಡಬಲಗಳಿಗೆ ಹಂಚುತ್ತಿತ್ತು. ಮೈಕ್‌ನಿಂದ ಧ್ವನಿ ಬರುವ ಕೇಬಲ್ಲಿನಲ್ಲೇ ಮೈಕ್‌ಗೆ ವಿದ್ಯುತ್ತನ್ನೂ ಕಳುಹಿಸುವುದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು, ಆ ಕಪ್ಪು ಡಬ್ಬಿಯ ಕೆಲಸ ಅದೇ; ಮೂರು ಮೊಳೆಯ (ಪಿನ್ನಿನ) ಕನೆಕ್ಟರಿನ ಒಂದನೆಯ ಮೊಳೆಗೂ ಎರಡನೆಯದಕ್ಕೂ ನಡುವೆ, ಹಾಗೆಯೇ ಒಂದನೆಯದಕ್ಕೂ ಮೂರನೆಯದಕ್ಕೂ ನಡುವೆ, 48 ವೋಲ್ಟ್ ತೋರಿಸಬೇಕು. ಮಲ್ಟಿಮೀಟರ್ 12 ಚಿಲ್ಲರೆ ತೋರಿಸಿತು. ಅಡಾಪ್ಟರಿನಿಂದ ಬಂದದ್ದನ್ನು ಡಬ್ಬಿ ಹಾಗೆಯೇ ದಾಟಿಸುತ್ತಿತ್ತು. ಆಮೇಲೆ ಅವರು ಬಂಗಾರದ ಬಲೆಯನ್ನು ತಿರುಪಿ ತೆಗೆದರು. ಅಷ್ಟು ದೊಡ್ಡ ತಲೆಯೊಳಗೆ ಪ್ಲಾಸ್ಟಿಕ್ಕಿನ ಒಂದು ಸಣ್ಣ ಪೀಠ, ಅದರ ಮೇಲೆ ಅಂಗಿಯ ಗುಂಡಿಗಿಂತ ತುಸು ದೊಡ್ಡದಾದ ಒಂದು ಎಲೆಕ್ಟ್ರೆಟ್ ಬಿಲ್ಲೆ, ಅಗ್ಗದ ಮೈಕ್‌ಗಳಲ್ಲೂ ಇರುವಂಥದ್ದು. "ಮಂಡೆ ಇಷ್ಟು ದೊಡ್ಡದು, ಒಳಗೆ ಎಂತ ಇಲ್ಲ ಮಾಸ್ಟ್ರೇ" ಎಂದು ಅವರು ನಕ್ಕರು. ಮೈಕ್‌ನ ಬಗ್ಗೆಯೇ ಹೇಳಿದರೆಂದು ನಂಬಿದ್ದೇನೆ. ಎಲೆಕ್ಟ್ರೆಟ್ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಒಳ್ಳೆಯ ಎಲೆಕ್ಟ್ರೆಟ್ ಮೈಕ್‌ಗಳು ಬೇಕಾದಷ್ಟಿವೆ. ಅದನ್ನು ದೊಡ್ಡ ಸ್ಟುಡಿಯೋ ಮೈಕ್‌ನ ವೇಷ ಕಟ್ಟಿಸಿ ಮಾರಿದ್ದಕ್ಕೆ ನನ್ನ ತಕರಾರು.

ಇನ್ನು ಮಾರಿದವರ ಉತ್ತರಗಳು. ಮೊದಲ ದಿನ ಫೋನೆತ್ತಿ, "ಸ್ಟೀರಿಯೋ ಅಂದ್ರೆ ಎರಡು ಮೈಕ್ ಮಾಸ್ಟ್ರೇ, ಎರಡು ಮೈಕ್ ಕೊಟ್ಟಿದ್ದೇನಲ್ಲ?" ಎಂದರು. ಎಡಬಲಗಳು ಒಂದೇ ಆಗಿವೆ ಎಂದು ವಿವರಿಸಿದರೆ, "ಎರಡೂ ಕಿವಿಯಲ್ಲಿ ಕೇಳ್ತದಲ್ಲ, ಮತ್ತೆಂತ ಬೇಕು?" 48 ವೋಲ್ಟ್ ಬರುತ್ತಿಲ್ಲ ಎಂದು ಮೀಟರಿನ ಫೋಟೋ ಕಳುಹಿಸಿದರೆ, "ನಿಮ್ಮ ಮನೆಯಲ್ಲಿ ಕರೆಂಟು ಲೋ ಇರಬಹುದು." ಈ ಮಾತನ್ನು ಒಬ್ಬ ಭೌತಶಾಸ್ತ್ರದ ಮಾಸ್ತರನಿಗೆ ಹೇಳುವ ಧೈರ್ಯವನ್ನು ಮೆಚ್ಚಬೇಕು. ಎರಡನೆಯ ವಾರ ಲ್ಯಾಪ್‌ಟಾಪ್ ಹಳತೆಂದರು. ಮೂರನೆಯ ವಾರ, ಇನ್ನೂ 4,000 ಕೊಟ್ಟರೆ "ಒರಿಜಿನಲ್ ಸೌಂಡ್ ಕಾರ್ಡ್" ಕೊಡುತ್ತೇನೆಂದರು. ಹಾಗಾದರೆ ಮೊದಲು ಕೊಟ್ಟದ್ದು ಏನು ಎಂದು ಕೇಳಿದ್ದಕ್ಕೆ ಏಳು ಸೆಕೆಂಡಿನ ಒಂದು ಧ್ವನಿ ಸಂದೇಶ ಬಂತು. ಅದರಲ್ಲಿ ಲಾರಿಯ ಹಾರ್ನ್, ಆಮೇಲೆ "ಕೆಲಸದಲ್ಲಿದ್ದೇನೆ, ನೋಡುವ." ಹಣ ವಾಪಸು ಕೊಡಿ ಎಂದಾಗ ಬಂದದ್ದು "ಪೆಟ್ಟಿಗೆ ಓಪನ್ ಆದದ್ದು ರಿಟರ್ನ್ ಇಲ್ಲ." ಪೆಟ್ಟಿಗೆಯನ್ನು ನನ್ನ ಕಣ್ಣೆದುರು ತೆರೆದವರು ಅವರೇ. ಅದನ್ನೂ ಬರೆದೆ. ಎರಡು ನೀಲಿ ಗೀಟು ಬಿದ್ದುವು, ಅಷ್ಟೇ.

ನನ್ನ ಸಿಟ್ಟಿನ ನಡುವೆಯೂ ಹೊಸಬರಿಗೆ ಹೇಳಬಹುದಾದದ್ದು ಇಷ್ಟು. ಮೊದಲ ಸಲಕ್ಕೆ ಬಿಡಿ ಮೈಕ್, ಡಬ್ಬಿ, ಕಾರ್ಡು, ಕೇಬಲ್ಲುಗಳ ಗೋಜಿಗೇ ಹೋಗಬೇಡಿ. ಎರಡು ಮೈಕ್‌ಗಳನ್ನು ಮೈಮೇಲೇ ಹೊತ್ತಿರುವ ಒಂದು ಕೈ ರೆಕಾರ್ಡರ್ ತೆಗೆದುಕೊಳ್ಳಿ. ಝೂಮ್ ಎಚ್1ಎನ್‌ನಲ್ಲಿ ಎಕ್ಸ್-ವೈ ಜೋಡಣೆಯ ಮೈಕ್‌ಗಳಿವೆ, ಟ್ಯಾಸ್ಕ್ಯಾಮ್ ಡಿಆರ್-05ಎಕ್ಸ್‌ನಲ್ಲಿ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುವ ಎರಡು ಮೈಕ್‌ಗಳಿವೆ, ಎರಡೂ ಸ್ವರದ ಸಣ್ಣ ಏರಿಳಿತವನ್ನೂ ಉಳಿಸಿಕೊಳ್ಳುವ 24 ಬಿಟ್‌ನಲ್ಲಿ ಮುದ್ರಿಸುತ್ತವೆ. ನಾನು ಕಳೆದುಕೊಂಡ ಹಣದಲ್ಲಿ ಇವುಗಳಲ್ಲೊಂದನ್ನು ಬಿಲ್ಲು ಸಮೇತ ತರಬಹುದಿತ್ತು. ಮುಂದೆ ಹೀಗೆ ಕೇಬಲ್ಲಿನಲ್ಲಿ ವಿದ್ಯುತ್ ಬೇಡುವ ಹೊರಗಿನ ಕಂಡೆನ್ಸರ್ ಮೈಕ್ ಜೋಡಿಸುವ ಆಸೆಯಿದ್ದರೆ, 48 ವೋಲ್ಟನ್ನು ತಾನೇ ಕೊಡುವ, ಮೂರು ಮೊಳೆಯ ಕೇಬಲ್ ನೇರ ಹಿಡಿಸುವ ಝೂಮ್ ಎಚ್4ಎನ್ ಪ್ರೋ, ಟ್ಯಾಸ್ಕ್ಯಾಮ್ ಡಿಆರ್-40ಎಕ್ಸ್‌ನಂಥದ್ದು ಬೇಕಾಗುತ್ತದೆ, ಅದಕ್ಕೆ ಬೆಲೆ ಹೆಚ್ಚು. ಮುದ್ರಣದ ಮಟ್ಟ ಮೀಟರಿನಲ್ಲಿ ಸೊನ್ನೆ ಮುಟ್ಟಿದರೆ ಸ್ವರ ಒಡೆಯುತ್ತದೆ, ಆದ್ದರಿಂದ ಅದನ್ನು ಅತಿ ಜೋರಿನ ಜಾಗದಲ್ಲೂ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿ ಇಡಿ. ತೆಂಕುತಿಟ್ಟಿನ ಯಕ್ಷಗಾನ ಆಟಕ್ಕೆ ಹೋಗುವವರು ಇನ್ನೂ ಇಳಿಸಿ, ಚೆಂಡೆಯ ಪೆಟ್ಟು ಯಾರ ಮುಲಾಜೂ ನೋಡುವುದಿಲ್ಲ. ಅಂಗಡಿಯಲ್ಲೇ ಒಂದು ನಿಮಿಷ ಮುದ್ರಿಸಿ, ಎಡ ಮೈಕ್‌ ಒಂದನ್ನೇ ಉಗುರಿನಿಂದ ಮೆಲ್ಲಗೆ ಕೆರೆದು, ಆ ಸದ್ದು ಎಡಗಿವಿಯಲ್ಲಿ ಮಾತ್ರ ಜೋರಾಗಿ ಬರುತ್ತದೆಯೇ ಎಂದು ಕೇಳಿ. ಈ ಒಂದು ಕೆಲಸವನ್ನು ನಾನು ಮಾಡಿದ್ದರೆ ಸಾಕಿತ್ತು.

ಬಿಲ್ಲಿಲ್ಲದೆ ಏನನ್ನೂ ಕೊಳ್ಳಬೇಡಿ. 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದಾಗ ಅವರು ಮೊದಲು ಕೇಳಿದ್ದೇ ಬಿಲ್ಲು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ನನ್ನ ಕೈಯಲ್ಲಿರುವುದು ಯಾರದೋ ಭಾವನ ಹೆಸರಿನ ಗೂಗಲ್ ಪೇ ಚಿತ್ರ ಮತ್ತು ವಿಸಿಟಿಂಗ್ ಕಾರ್ಡಿನ ಬೆನ್ನು. ಅವೆರಡರ ಜೊತೆಗೆ ವಾಟ್ಸಾಪ್ ಸಂದೇಶಗಳನ್ನೂ ಮುದ್ರಿಸಿ ಲಗತ್ತಿಸಿ, ದೂರು ಕೊಡುವ ಮೊದಲಿನ ಒಂದು ನೋಟೀಸನ್ನು ಅಂಚೆಯಲ್ಲಿ ಕಳುಹಿಸಿದ್ದೇನೆ. ಉತ್ತರಕ್ಕೆ 15 ದಿನ ಕೊಟ್ಟಿದ್ದೇನೆ, ಈಗ ಒಂಬತ್ತು ಕಳೆದಿವೆ.

ಕಚೇರಿಯ ಪ್ರತಿ ಕೇಳಿಕೊಂಡು ಈವರೆಗೆ ಹನ್ನೊಂದು ಮಂದಿ ಬಂದಿದ್ದಾರೆ. "ಎಡಿಟಿಂಗ್ ನಡೆಯುತ್ತಿದೆ" ಎಂದು ಹೇಳಿ ಕಳುಹಿಸಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಕ್ಷಮಿಸಬೇಕು, ಎಡಿಟಿಂಗ್ ನಡೆಯುತ್ತಿಲ್ಲ. ಮಸ್ಕತ್ತಿಗೆ ಮಾತ್ರ ನಿಜವನ್ನು ಬರೆದು, ಇದ್ದದ್ದನ್ನು ಇದ್ದ ಹಾಗೆಯೇ ಕಳುಹಿಸಿಕೊಟ್ಟೆ.