ಹಳೇ ಏರ್‌ಗನ್ನಿಗೆ ಕಪ್ಪು: ಬಾಟಲಿ ಬ್ಲೂಯಿಂಗೋ, ಎಣ್ಣೆಯೋ, ತುಕ್ಕೋ?

ಬೀದರಿನಲ್ಲಿ ಲೋಹ ಕಪ್ಪು ಮಾಡಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ: "ಕೋಟೆ ಮಣ್ಣು, ನವಸಾಗರ ಹಚ್ಚ್ರಿ." ಬಿದರಿ ಹೂಜಿಗೆ ಅದು ಸರಿ. ಅಲ್ಲಿರುವುದು ಸತು, ಜೊತೆಗೆ ಸ್ವಲ್ಪ ತಾಮ್ರ. ಉಕ್ಕಿನ ಮೇಲೆ ಆ ಕಪ್ಪು ಬರುವುದಿಲ್ಲ. ಉಕ್ಕಿಗೆ ಕಪ್ಪು-ನೀಲಿ ಪದರ ಬರಿಸುವುದಕ್ಕೆ ಬ್ಲೂಯಿಂಗ್ ಅಂತಾರೆ, ಅದರ ದಾರಿ ಬೇರೆ. ಹಾಗಾಗಿ ಮಾವ ಬಿಟ್ಟುಹೋದ ಏರ್‌ಗನ್ನಿನ ಒಂದೊಂದು ಭಾಗಕ್ಕೆ ಒಂದೊಂದು ವಿಧಾನ ಮಾಡಿ ನೋಡಿದೆ.

ಟ್ರಿಗರಿನ ಸುತ್ತಲಿನ ಬಳೆಗೆ (ಟ್ರಿಗರ್ ಗಾರ್ಡ್) ಬಾಟಲಿಯ ಕೋಲ್ಡ್ ಬ್ಲೂ, ಅಂದರೆ ಕಾಯಿಸದೇ ಹಚ್ಚುವ ದ್ರಾವಣ. ಹತ್ತಿಯಲ್ಲಿ ಒರೆಸಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಇಷ್ಟು ಸುಲಭದ್ದು ಬೇರೊಂದಿಲ್ಲ. ಆದರೆ ಮೊದಲು ಅಸಿಟೋನ್ ಹಾಕಿ ಜಿಡ್ಡು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಬೆರಳಿನ ಗುರುತೂ ಬಣ್ಣದಲ್ಲೇ ಉಳಿಯುತ್ತದೆ. ಬೆರಳು ತಾಗುವ ಅಂಚು ಬೇಗ ಸವೆದು ಮತ್ತೆ ಬೆಳ್ಳಗಾಯಿತು. ಇದರಲ್ಲಿ ಸೆಲೆನಿಯಂ ಇರುತ್ತದೆ, ವಿಷ. ಗ್ಲೌಸ್ ಹಾಕಿ, ಗಾಳಿಯಾಡುವಲ್ಲಿ ಮಾಡಿ. ಗೀರು ಮುಚ್ಚಲು ಸಾಕು, ಅಷ್ಟೇ.

ಸ್ಕ್ರೂಗಳಿಗೆ ಎಣ್ಣೆ. ಕಾಯಿಸುತ್ತಾ ಹೋದರೆ 220 ಡಿಗ್ರಿ ಹೊತ್ತಿಗೆ ಒಣಹುಲ್ಲಿನ ಹಳದಿ, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ಇನ್ನಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಮಂಕಾದ ಒಳ್ಳೆ ಕಪ್ಪು. ಹೊಗೆ ಜಾಸ್ತಿ, ಅಂಗಳದಲ್ಲೇ ಮಾಡಬೇಕು. ಸ್ಪ್ರಿಂಗನ್ನು ಮಾತ್ರ ಕಾಯಿಸಬೇಡಿ, ಹದ ಹೋಗುತ್ತದೆ.

ನಳಿಗೆಗೆ ತುಕ್ಕಿನ ಬ್ಲೂಯಿಂಗ್. ತುಕ್ಕು ತೆಗೆಯುವುದೇ ಕೆಲಸ ಆಗಿರುವಾಗ ಮತ್ತೆ ತುಕ್ಕು ಹಿಡಿಸುವುದಾ ಅಂತ ಮನೆಯಲ್ಲಿ ನಕ್ಕರು. ತುಕ್ಕು ಬರಿಸುವ ದ್ರಾವಣವನ್ನು ತೆಳ್ಳಗೆ ಸವರಬೇಕು. ತೇವ ಇರುವ ಕಡೆ ಇಟ್ಟರೆ ಕೇಸರಿ ಬಣ್ಣದ ನವಿರಾದ ತುಕ್ಕು ಹರಡುತ್ತದೆ. ಆಮೇಲೆ ಕುದಿಯುವ ನೀರಿಗೆ. ಕೆಂಪು ತುಕ್ಕು ಅಲ್ಲೇ ಕಪ್ಪು ಆಕ್ಸೈಡ್ ಆಗುತ್ತದೆ. ಹೊರತೆಗೆದಾಗ ನಳಿಗೆಗೆ ಕಾಡಿಗೆ ಬಳಿದ ಹಾಗೆ ಮಸಿ. ಅದನ್ನು ನಾಲ್ಕು ಸೊನ್ನೆಯ (0000) ನಯವಾದ ಸ್ಟೀಲ್ ವುಲ್‌ನಲ್ಲಿ ಉಜ್ಜಿದರೆ ಅಡಿಯಲ್ಲಿ ಬೂದು ಛಾಯೆ ಕಾಣುತ್ತದೆ. ಮತ್ತೆ ಸವರು, ಮತ್ತೆ ಕುದಿಸು. ಸುತ್ತು ಸುತ್ತಿಗೂ ಬಣ್ಣ ಗಾಢವಾಗುತ್ತದೆ. ನಮ್ಮ ಬೋರ್ ನೀರು ಗಡಸು, ಬಿಳಿ ಕಲೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ನಳಿಗೆಯ ಒಳಗೆ ಎಣ್ಣೆ ಸವರಿ ಎರಡೂ ತುದಿಗೆ ಮರದ ಬೆಣೆ ಹಾಕುವುದು ಮರೆಯಬೇಡಿ. ತಾಳ್ಮೆ ಇದ್ದರೆ ನನ್ನ ಮತ ಇದಕ್ಕೇ. ಕೈಯಾಡಿದರೂ ಸವೆದಿಲ್ಲ, ಹೊಳಪೂ ಹಳೇ ಕಾಲದ್ದೇ.

ಕಾರ್ಖಾನೆಯವರ ಹಾಟ್ ಬ್ಲೂಯಿಂಗ್ ನಾನು ಮುಟ್ಟಲಿಲ್ಲ. ಕಾಸ್ಟಿಕ್ ಸೋಡಾ, ನೈಟ್ರೇಟ್ ಉಪ್ಪು 140 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತಿರುತ್ತದೆ. ಅದಕ್ಕೆ ನೀರು ಬಿದ್ದರೆ ಸಿಡಿಯುತ್ತದೆ. ಮಕ್ಕಳಿರುವ ಮನೆಗೆ ಯಾಕೆ ಬೇಕು, ಅಲ್ವಾ?

ಇದನ್ನೆಲ್ಲ ನೋಡಿದ ಗೆಳೆಯನೊಬ್ಬ ಅಜ್ಜನ ರಿವಾಲ್ವರಿಗೂ ಹೀಗೇ ಮಾಡಿಕೊಡು ಅಂದ. ಆಗಲ್ಲ ಅಂದೆ. 1959ರ ಆಯುಧ ಕಾಯ್ದೆ ಪ್ರಕಾರ ರಿಪೇರಿಗೂ ಲೈಸೆನ್ಸ್ ಬೇಕು. ಉಜ್ಜುವಾಗ ಅದರ ಮೇಲೆ ಕೆತ್ತಿದ ಗುರುತಿನ ನಂಬರ್ ಅಳಿಸಿಬಿಟ್ಟರೆ ಅದೂ ಅಪರಾಧವೇ. ಲೈಸೆನ್ಸ್ ಇರುವ ಅಂಗಡಿಗೆ ಕೊಡಲಿ.

ನನ್ನ ಗನ್ನಿನ ಹಿಂದಿನ ಕೊಳವೆ ಇನ್ನೂ ಬಾಕಿ ಇದೆ. ಬೀದರಿನ ಬೇಸಿಗೆ ಗಾಳಿಯಲ್ಲಿ ತುಕ್ಕು ಸರಿಯಾಗಿ ಹಿಡಿಯಲ್ಲ. ಸ್ನಾನದ ಮನೆಯಲ್ಲಿ ಬಿಸಿನೀರಿನ ಬಕೆಟ್ ಇಟ್ಟು ಒದ್ದಾಡುವುದಕ್ಕಿಂತ ಜೂನ್ ಮಳೆಗೆ ಕಾಯೋದೇ ವಾಸಿ.